ಐದೇ ನಿಮಿಷ, ಮಾವ

ಮನೆಯ ಹಿಂಬದಿಯ ಆ ಕೋಣೆಯಲ್ಲಿ ಯಾವಾಗಲೂ ಮಂಜು ಕವಿದ ಹಾಗೆ ಇರುತ್ತಿತ್ತು. ಮಂಜಲ್ಲ, ಪ್ಲಾಸ್ಟರಿನ ಪುಡಿ. ಕಿಟಕಿಯ ಸರಳು, ಕ್ಯಾಲೆಂಡರಿನ ಮೊಳೆ, ಬಲ್ಬಿನ ಬೆನ್ನು, ಎಲ್ಲದರ ಮೇಲೂ ತೆಳ್ಳಗೆ ಬಿಳುಪು. ಗೋಡೆಗೆ ಹೊಡೆದ ಹಲಗೆಗಳ ಮೇಲೆ ಸಾಲಾಗಿ ದವಡೆಗಳ ಅಚ್ಚುಗಳು. ಊರಿನ ಅರ್ಧ ಮುದುಕರ ಬಾಯಿಗಳು ಅಲ್ಲಿ ಕುಳಿತು, ಯಾರೋ ಶುರುಮಾಡಿದ ತಮಾಷೆ ಮುಗಿಯಲೆಂದು ಕಾಯುತ್ತಿರುವಂತೆ ಕಾಣುತ್ತಿದ್ದವು.

ಅವುಗಳ ನಡುವೆ ಏಪ್ರನ್ ಕಟ್ಟಿಕೊಂಡು ಕೂರುವವಳು ಈ ಮನೆಯ ಸೊಸೆ. ಬೀದಿಯವರ ಬಾಯಲ್ಲಿ ಹಲ್ಲಿನಕ್ಕ. ಡಾಕ್ಟರುಗಳು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸಿದರೆ, ಅದರಿಂದ ಅಚ್ಚು ಹುಯ್ದು, ಹಲ್ಲಿನ ಸೆಟ್ಟು ಕಟ್ಟಿಕೊಡುವುದು ಅವಳ ಕೆಲಸ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು, ಕೂದಲೆಳೆಯ ಲೆಕ್ಕದಲ್ಲಿ ಕೆಲಸ ಮಾಡುವವಳು. ಅಳತೆ ಹಳತಾಗಿದ್ದರೆ ಮುಲಾಜಿಲ್ಲದೆ ವಾಪಸು ಕಳಿಸುತ್ತಿದ್ದಳು. "ಮೂರು ತಿಂಗಳ ಹಿಂದಿನ ಅಳತೆಗೆ ಹಲ್ಲು ಕಟ್ಟೋದು ಅಂದ್ರೆ, ಹೋದ ವರ್ಷದ ಅಂಗಿಗೆ ಈ ವರ್ಷದ ಮಗೂನ ತುರುಕಿದ ಹಾಗೆ ಡಾಕ್ಟ್ರೇ. ಒಸಡು ಕರಗುತ್ತೆ. ಹೊಸದಾಗಿ ತೆಗೆದು ಕಳಿಸಿ," ಎಂದು ಫೋನಿನಲ್ಲಿ ಹೇಳುವಾಗ ಅವಳ ದನಿಗೆ ಎದುರಾಡಿದ ಡಾಕ್ಟರಿಲ್ಲ.

ಇಂಥವಳ ಮಾವನಿಗೆ ಹಲ್ಲಿರಲಿಲ್ಲ.

ಇತ್ತು, ಎರಡು ವರ್ಷದ ಹಿಂದೆ. ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಸೀನು ಬಂದು ಸೆಟ್ಟು ತೊಟ್ಟಿಗೆ ಬಿದ್ದು ಎರಡು ಹೋಳಾಯಿತು. "ಅಯ್ಯೋ, ಅದೇನು ಮಹಾ ಮಾವ, ಮುಂದಿನ ವಾರ ಹೊಸದು ಕಟ್ಟಿಬಿಡ್ತೀನಿ," ಎಂದು ಅವಳು ತನಗೆ ಕೆಲಸ ಕಳಿಸುವ ಹಲ್ಲಿನ ಡಾಕ್ಟರಮ್ಮನಲ್ಲಿಗೆ ಕರೆದೊಯ್ದು ಅಳತೆ ತೆಗೆಸಿದಳು, ಅಚ್ಚನ್ನೂ ಹುಯ್ದಳು, ಅಡಿಯಲ್ಲಿ ಪೆನ್ಸಿಲಿನಿಂದ ತಾರೀಖು ಬರೆದು ಮೇಲಿನ ಹಲಗೆಯಲ್ಲಿಟ್ಟಳು. ಅಷ್ಟೇ. ಆ ಮುಂದಿನ ವಾರ ಬರಲೇ ಇಲ್ಲ. ಹೊರಗಿನ ಕೆಲಸಕ್ಕೆ ತಾರೀಖಿತ್ತು, ಕೇಳುವ ಬಾಯಿತ್ತು. ಮಾವನ ಕೆಲಸಕ್ಕೆ ಎರಡೂ ಇರಲಿಲ್ಲ. ಅವರು ಕೋಣೆಯ ಬಾಗಿಲಿಗೆ ಬಂದು ನಿಂತಾಗಲೆಲ್ಲ ಅವಳು ತಲೆ ಎತ್ತದೆ, "ಐದೇ ನಿಮಿಷ, ಮಾವ," ಎನ್ನುತ್ತಿದ್ದಳು. ಅವರು ತುಸು ಹೊತ್ತು ನಿಂತು, ಚಪ್ಪಲಿ ಎಳೆದುಕೊಂಡು ಹೋಗುತ್ತಿದ್ದರು.

ಮಾವ ರೈಲು ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಮೈಕಿನ ಮುಂದೆ ಕುಳಿತು ಗಾಡಿಗಳು ಬರುವುದನ್ನು, ಹೋಗುವುದನ್ನು ಸಾರಿದವರು. ಈಗ ಮಾತು ಕಡಿಮೆಯಾಗಿತ್ತು. ವಯಸ್ಸಾಯಿತು, ಶಾಂತವಾಗಿದ್ದಾರೆ ಎಂದು ಮನೆಯವರು ಅಂದುಕೊಂಡಿದ್ದರು. ಊಟವನ್ನೂ ಎಲ್ಲರದೂ ಮುಗಿದ ಮೇಲೆ, ಅಡುಗೆಮನೆಯ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಮಾಡುತ್ತಿದ್ದರು. ನುಣ್ಣಗೆ ಹಿಸುಕಿದ ಆಲೂಗಡ್ಡೆ, ಗಂಜಿ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು.

ಹೀಗಿರುವಾಗ ಹಲ್ಲಿನಕ್ಕನ ಮಗಳು ಗುಬ್ಬಿ ಕಾಲೇಜಿನ ಎರಡು ದಿನದ ಶಿಬಿರದಿಂದ ಒಂದು ಸೋಮವಾರ ದೊಡ್ಡ ಹಾಳೆಯೊಂದನ್ನು ಸುತ್ತಿಕೊಂಡು ಬಂದಳು. ಸಮಯವನ್ನು ಸರಿಯಾಗಿ ಬಳಸುವುದು ಹೇಗೆಂಬ ಶಿಬಿರ. ಹದಿನೇಳರ ಹುಡುಗಿ, ಹಿಡಿದದ್ದನ್ನು ಬಿಡುವ ಪೈಕಿಯಲ್ಲ. ಹಾಳೆ ಫ್ರಿಜ್ಜಿನ ಬಾಗಿಲೇರಿತು. ಆರು ವಾರದ ಚೌಕಗಳು, ನಾಲ್ಕು ಸಾಲು, ಮನೆಯ ನಾಲ್ಕು ಜನಕ್ಕೆ. ಇಂದೇ ಆಗಬೇಕಾದ್ದಕ್ಕೆ ಕೆಂಪು ಚೀಟಿ, ಈ ವಾರದ್ದಕ್ಕೆ ಹಳದಿ, ನಿಧಾನಕ್ಕೆ ಆಗುವುದಕ್ಕೆ ಹಸಿರು.

"ಅಪ್ಪಾ, ನಿನ್ನ ದಿನದಲ್ಲಿ ಎರಡು ಗಂಟೆ ಸೋರಿಹೋಗ್ತಿದೆ."

"ಸೋರೋದಕ್ಕೆ ಪ್ಲಂಬರ್‌ನ ಕರಿ," ಅಂದ ಅಪ್ಪ. ಅವನು ಲಿಫ್ಟ್ ರಿಪೇರಿಯವನು, ಮಾತಿಗೆ ಮಾತು ಸಿಕ್ಕಿಸುವವನು. "ನನ್ನದು ಬೆಳಗಿಂದ ಸಂಜೆ ತನಕ ಮೇಲೆ ಕೆಳಗೆ, ಮೇಲೆ ಕೆಳಗೆ. ಅದಕ್ಕೆ ಯಾವ ಬಣ್ಣ ಹಚ್ತೀಯ?"

"ತಮಾಷೆ ಬೇಡಪ್ಪ. ಅಮ್ಮನ್ನ ನೋಡು, ಎಷ್ಟು ಕೆಂಪು ಅಂತ."

ನಿಜ. ಅಮ್ಮನ ಸಾಲು ದಡಾರ ಎದ್ದ ಮೈಯಂತೆ ಕೆಂಪಾಗಿತ್ತು. ತಾತನ ಸಾಲು ಮಾತ್ರ ಖಾಲಿ.

"ತಾತನಿಗೆ ಏನೂ ಇಲ್ವೇನೇ?" ಎಂದು ಹಲ್ಲಿನಕ್ಕ ಕೇಳಿದಳು.

"ತಾತನಿಗೆ ಏನಿದೆ ಕೆಲಸ? ಸುಮ್ನೆ ಜಾಗ ಬಿಟ್ಟಿದೀನಿ, ಬೇಜಾರಾಗಬಾರದು ಅಂತ."

ಅಡುಗೆಮನೆಯ ಸ್ಟೂಲಿನಿಂದ ಚಮಚದ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.

ಎರಡನೆಯ ವಾರದ ಮಂಗಳವಾರ ಹಾಲು ತೆಗೆಯಲು ಫ್ರಿಜ್ಜಿನ ಮುಂದೆ ನಿಂತವಳಿಗೆ ಮಾವನ ಖಾಲಿ ಸಾಲಿನ ಕೊನೆಯಲ್ಲಿ ಇರುವೆಯಂಥದೇನೋ ಕಂಡಿತು. ಒರೆಸಲು ಬೆರಳಿಟ್ಟಳು. ಅಕ್ಷರ! ಆರನೆಯ ವಾರದ ಗುರುವಾರದ ಚೌಕದಲ್ಲಿ, ಪೆನ್ಸಿಲಿನಿಂದ, ಮುತ್ತಿನಂಥ ಕೈಬರಹ: 'ಹತ್ತೂವರೆ. ಧ್ವನಿ ಪರೀಕ್ಷೆ.'

ಮಾವ ವರಾಂಡದಲ್ಲಿ ಬಟ್ಟೆ ಮಡಿಸುತ್ತಿದ್ದರು. ಅವಳು ಕೇಳಿದ್ದಕ್ಕೆ ಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದುಕೊಟ್ಟರು. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಗ್ರಂಥಾಲಯದ ಪತ್ರ. ತಮ್ಮ ಅರ್ಜಿ ಬಂದಿದೆ, ಒಂದು ಪುಟ ಓದಿ ಕೇಳಿಸಬೇಕು, ಈ ಪರೀಕ್ಷೆ ವರ್ಷಕ್ಕೊಮ್ಮೆ ಮಾತ್ರ.

"ಯಾಕೆ ಮಾವ, ಒಂದು ಮಾತು ಹೇಳಬಾರದಿತ್ತಾ?"

ಮಾವ ನಕ್ಕರು. ಬೊಚ್ಚುಬಾಯಿಯಲ್ಲಿ ಮಾತು ಗಾಳಿಯಂತೆ ಹೊರಬಂತು. "ಹೇಳೋದಕ್ಕೆ ಹಲ್ಲು ಬೇಕಲ್ಲ ತಾಯಿ."

ಮೂವತ್ತು ದಿನವಿತ್ತು. ಸೆಟ್ಟು ಕಟ್ಟಲು ಎರಡೂವರೆ ವಾರ ಸಾಕು: ಡಾಕ್ಟರಮ್ಮನಲ್ಲಿಗೆ ನಾಲ್ಕೈದು ಸಲ ಹೋಗಬೇಕು, ನಡುನಡುವೆ ಕಾಯಬೇಕು. ಆದರೆ ಕೆಂಪು ಚೀಟಿಗಳು ಹದಿನಾಲ್ಕಿದ್ದವು. ಆ ಮಧ್ಯಾಹ್ನ ಕೆಲಸದ ಕೋಣೆಯಲ್ಲಿ ಅವಳ ಕಣ್ಣು ಮೇಲಿನ ಹಲಗೆಗೆ ಹೋಯಿತು. ಧೂಳು ಹೊದ್ದು ಕುಳಿತಿದ್ದ ಮಾವನ ಅಚ್ಚು. ಇದರ ಮೇಲೇ ಕಟ್ಟಿಬಿಟ್ಟರೆ? ಒಡೆದ ಸೆಟ್ಟಿನ ಹೋಳುಗಳಿವೆ, ಅಂಟಿಸಿದರೆ ಹಲ್ಲು ಕಚ್ಚುವ ಎತ್ತರವೂ ಸಿಗುತ್ತದೆ. ಡಾಕ್ಟರಮ್ಮನಲ್ಲಿಗೆ ಓಡಾಟವಿಲ್ಲ. ಹತ್ತು ದಿನ ಉಳಿತಾಯ. ಒಂದು ಭಾನುವಾರದ ಕೆಲಸ, ಅಷ್ಟೇ.

ಅಚ್ಚನ್ನು ಮಗುಚಿದರೆ ತಾರೀಖು ಕಾಣುತ್ತಿತ್ತು. ಅವಳು ಮಗುಚಲಿಲ್ಲ. ಬಟ್ಟೆಯಿಂದ ಧೂಳು ಒರೆಸಿ ಕೆಲಸಕ್ಕೆ ಕೂತಳು.

ಮೂರನೆಯ ವಾರದ ಭಾನುವಾರ ಮಧ್ಯಾಹ್ನ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ ಎಲ್ಲರೊಂದಿಗೆ ಮೇಜಿಗೆ ಬಂದು ಕೂತರು. ಬಾಯಲ್ಲಿ ಹೊಸ ಹಲ್ಲು. ಕೆನ್ನೆ ತುಂಬಿ ಹತ್ತು ವರ್ಷ ಚಿಕ್ಕವರಾಗಿದ್ದರು. ಗಂಡ ಹುರಿಗಡಲೆಯ ಬಟ್ಟಲನ್ನು ಅವರ ಮುಂದೆ ತಳ್ಳಿ, "ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತ ಇನ್ನು ಯಾರೂ ಅನ್ನೋ ಹಾಗಿಲ್ಲ. ಎರಡೂ ಇದೆ, ಶುರು ಮಾಡಪ್ಪ," ಎಂದ.

ಮಾವ ಕಡಲೆ ಮುಟ್ಟಲಿಲ್ಲ. ಗಂಟಲು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಮೊದಲು ಮಾತಾಡಲು ಹೊರಟರು.

"ಸೌತೆಕಾಯಿ ಸ್ವಲ್ಪ ಈ ಕಡೆ..."

ಟಪ್. ಮೇಲಿನ ಸಾಲು ಹಲ್ಲು ಕಳಚಿ ತಟ್ಟೆಗೆ ಬಿತ್ತು.

ಗುಬ್ಬಿಗೆ ನಗು ತಡೆಯಲಾಗದೆ ಫುಸಕ್ಕನೆ ಉಕ್ಕಿತು. "ಏಯ್!" ಎಂದು ಅಪ್ಪ ಗದರಿದ. ನಗು ಅಲ್ಲೇ ಸತ್ತು ಹುಡುಗಿಯ ಮುಖ ಕೆಂಪೇರಿತು.

"ಅಮ್ಮಾ, ಹೊಸ ಅಳತೆ ತೆಗೆಸಿಲ್ವಾ ನೀನು?"

"ಟೈಮ್ ಎಲ್ಲಿತ್ತೇ? ಹಳೇ ಅಚ್ಚಿತ್ತಲ್ಲ."

"ಬೇರೆ ಯಾರದ್ದಾದ್ರೂ ಆಗಿದ್ರೆ ವಾಪಸ್ ಕಳಿಸ್ತಿದ್ದೆ ನೀನು," ಅಂದ ಗಂಡ, ಮೆಲ್ಲಗೆ. ಮೆಲ್ಲಗೆ ಅಂದದ್ದೇ ಚುಚ್ಚಿತು.

"ಹೌದ್ರೀ, ಕಳಿಸ್ತಿದ್ದೆ! ಅವರು ಕೆಲಸ ಮಾಡಿಸಿಕೊಂಡು ಹೋಗ್ತಾರೆ, ಪಾತ್ರೆ ತೊಳಿ ಅನ್ನಲ್ಲ. ಈ ಮನೇಲಿ ಬೆಳಿಗ್ಗೆ ಎದ್ದು ಒಲೆ ಹಚ್ಚೋಳೂ ನಾನೇ, ಹದಿನಾಲ್ಕು ಬಾಯಿಗೆ ಹಲ್ಲು ಕಟ್ಟೋಳೂ ನಾನೇ. ನೀವು ಒಂದಿನ ಅನ್ನಕ್ಕೆ ನೀರಿಟ್ಟಿದೀರಾ? ಇವಳು ಬಣ್ಣದ ಚೀಟಿ ಅಂಟಿಸ್ತಾಳೆ, ಒಂದು ಲೋಟ ತೊಳೆಯಲ್ಲ!"

"ನಾನು ನಿನಗೋಸ್ಕರಾನೇ ಮಾಡಿದ್ದು ಅದನ್ನ!" ಎಂದು ಗುಬ್ಬಿ ಕೂಗಿದಳು. ಗಂಡ ಕಡಲೆಯ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡ.

ಆ ಗದ್ದಲದಲ್ಲಿ ಮಾವ ತಟ್ಟೆಯಿಂದ ಹಲ್ಲನ್ನು ಎತ್ತಿ, ಕೆಳಸಾಲನ್ನೂ ತೆಗೆದು, ಎರಡನ್ನೂ ನೀರಿನಲ್ಲಿ ತೊಳೆದು ಕರ್ಚೀಫಿನಲ್ಲಿ ಸುತ್ತಿ ಸೊಸೆಯ ಕೈಗಿಟ್ಟರು. ಅವರ ಮುಖದಲ್ಲಿ ಕೋಪವಿರಲಿಲ್ಲ.

"ಚೆನ್ನಾಗಿದೆ ತಾಯಿ. ಎರಡು ವರ್ಷದ ಹಿಂದಿನ ನನಗೆ ಸರಿಯಾಗಿದೆ," ಎಂದು, ಒಳಗೆ ಹೋಗಿ ಅಂಗಿ ಬದಲಾಯಿಸಿಕೊಂಡರು.

ಆ ಸಂಜೆ ಅವಳು ಫ್ರಿಜ್ಜಿನ ಹಾಳೆಯನ್ನು ಬಿಚ್ಚಿ ಮೇಜಿನ ಮೇಲೆ ಮಗುಚಿ ಹಾಕಿದಳು. ಹಿಂಬದಿಯ ಬಿಳಿಯ ಮೇಲೆ ಕೆಳತುದಿಯಲ್ಲಿ ಗುರುವಾರ ಎಂದು ಬರೆದು, ಅಲ್ಲಿಂದ ಮೇಲಕ್ಕೆ ಒಂದೊಂದೇ ಗೆರೆ ಎಳೆಯತೊಡಗಿದಳು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಲಿತ ಅಭ್ಯಾಸ: ಕೊನೆಗೆ ಬೇಕಾದ್ದನ್ನು ಮೊದಲು ಬರೆದು ಹಿಂದಕ್ಕೆ ಬರುವುದು. ಉಜ್ಜಿ ಹೊಳಪು ಕೊಡಲು ಒಂದು ದಿನ. ತಣ್ಣಗಾಗಲು ಒಂದು ರಾತ್ರಿ. ಅಚ್ಚಿಗೆ ತುಂಬಿದ ಗುಲಾಬಿ ಪ್ಲಾಸ್ಟಿಕ್ಕು ಬಿಸಿನೀರಿನಲ್ಲಿ ಬೇಯಲು ಒಂದು ಹಗಲು. ಮೇಣದಲ್ಲಿ ಹಲ್ಲು ಜೋಡಿಸಿ ಬಾಯಲ್ಲಿಟ್ಟು ನೋಡಲು ಎರಡು ದಿನ...

ಗುಬ್ಬಿ ಮುನಿಸು ಮರೆತು ಪಕ್ಕಕ್ಕೆ ಬಂದು ಬಗ್ಗಿದಳು. "ತಣ್ಣಗಾಗೋದಕ್ಕೆ ಇಡೀ ರಾತ್ರಿ ಯಾಕಮ್ಮ? ತಣ್ಣೀರಿಗೆ ಹಾಕಿದ್ರೆ ಐದು ನಿಮಿಷ."

"ಬೇಗ ತಣ್ಣಗಾದ್ರೆ ಸೊಟ್ಟಗಾಗುತ್ತೆ. ಅದಕ್ಕೆ ನಿನ್ನ ಶಿಬಿರದ ವಿಷಯ ಗೊತ್ತಿಲ್ಲ ಕಣೇ."

ಎಣಿಸಿದರೆ ಹದಿನೇಳು ದಿನ ಬೇಕಿತ್ತು. ಇದ್ದದ್ದು ಹದಿನೆಂಟು.

"ಒಂದು ದಿನ ಮಿಕ್ಕಿತು," ಅಂದ ಗಂಡ ಬಾಗಿಲಲ್ಲಿ ನಿಂತು. "ನಾಳೆಯಿಂದ ಬೆಳಗಿನ ಅಡುಗೆ ನಂದು. ತಿಂದೋರ ಹಣೆಬರಹ."

ಮರುದಿನ ಬೆಳಿಗ್ಗೆ ಅವಳು ಡಾಕ್ಟರಮ್ಮನಿಗೆ ಫೋನು ಮಾಡಿ ನಡೆದದ್ದನ್ನು ಒಪ್ಪಿಕೊಂಡಳು. ಆ ಕಡೆಯಿಂದ ನಗು ಬಂತು. "ನಂಗೆ ಅಂಗಿ, ಮಗು ಅಂತ ಪಾಠ ಹೇಳೋಳು ನೀನೇ ಅಲ್ವೇನೇ? ಬೆಳಿಗ್ಗೆ ಎಂಟಕ್ಕೆ ಕರ್ಕೊಂಡು ಬಾ, ಪೇಷಂಟ್‌ಗಳು ಬರೋದಕ್ಕೆ ಮುಂಚೆ ತೆಗೆದುಕೊಡ್ತೀನಿ." ಆಮೇಲೆ ಉಳಿದ ಆರ್ಡರುಗಳ ಪೈಕಿ ಎಂಟು ಕಡೆಗೆ ಫೋನು. "ಆಗಲ್ಲ, ಮುಂದಿನ ತಿಂಗಳು," ಎಂದು ಹೇಳಲು ಮೊದಲ ಸಲ ಕಷ್ಟವಾಯಿತು. ಎಂಟನೆಯ ಸಲಕ್ಕೆ ಸಲೀಸಾಯಿತು. ಇಬ್ಬರು ಬೇರೆ ಕಡೆಗೆ ಕೊಟ್ಟರು. ಆರು ಜನ "ಸರಿ" ಅಂದರು, ಅಷ್ಟೇ. ಆ ಸರಳ ಸರಿಯನ್ನು ಕೇಳಿ ಅವಳು ಸ್ವಲ್ಪ ಹೊತ್ತು ಫೋನನ್ನೇ ನೋಡುತ್ತ ಕುಳಿತಳು.

ದಿನಗಳು ಬೇರೆ ಥರ ಹರಿಯತೊಡಗಿದವು. ಬೆಳಿಗ್ಗೆ ಅಡುಗೆಮನೆಯಿಂದ ಸೀದ ಆಲೂಗಡ್ಡೆಯ ವಾಸನೆ. "ಇದು ಸೀದಿಲ್ಲ, ಕಂದುಬಣ್ಣ ಬಂದಿದೆ," ಎಂದು ಗಂಡನ ವಾದ. "ಲಿಫ್ಟ್ ಎಣ್ಣೆಯಲ್ಲಿ ಕರಿದಿದೀಯ ಅಪ್ಪ?" ಎಂದು ಗುಬ್ಬಿ. ಅವಳಿಗೆ ಸಂಜೆಯ ಪಾತ್ರೆ ಬಂದಿತ್ತು. ಮೊದಲ ದಿನ ನಲವತ್ತು ನಿಮಿಷ ಹಿಡಿಯಿತು. ಹುಡುಗಿ ಗಡಿಯಾರ ನೋಡಿ ಬೆಪ್ಪಾದಳು. ಮತ್ತೆ ಫ್ರಿಜ್ಜಿಗೇರಿದ್ದ ಹಾಳೆಯ ಮುಂಬದಿಯಲ್ಲಿ, ಅಮ್ಮನ ಸಾಲಿನಲ್ಲಿ ಅವಳು ಪಾತ್ರೆಗೆಂದು ಬರೆದದ್ದು ಹತ್ತು ನಿಮಿಷ. ಅದನ್ನು ಅಳಿಸಿ ತಿದ್ದಿದಳು.

ಹೊಸ ಅಚ್ಚು ಹುಯ್ದ ಮಧ್ಯಾಹ್ನ ಮಾವ ಬಾಗಿಲಿಗೆ ಬಂದು ನಿಂತರು. ಅಭ್ಯಾಸಬಲದಿಂದ "ಐದೇ..." ಎಂದವಳು ಅಲ್ಲಿಗೇ ನಿಲ್ಲಿಸಿ, ಸ್ಟೂಲನ್ನು ಕಾಲಿನಿಂದ ಮುಂದೆ ತಳ್ಳಿದಳು. "ಕೂತ್ಕೊಳ್ಳಿ ಮಾವ. ಇದು ಗಟ್ಟಿಯಾಗೋ ತನಕ ಮುಕ್ಕಾಲು ಗಂಟೆ. ನನಗೂ ಕೆಲಸ ಇಲ್ಲ."

ಈ ಮುಕ್ಕಾಲು ಗಂಟೆ ದಿನಕ್ಕೆ ನಾಲ್ಕು ಸಲ ಬರುತ್ತಿತ್ತು, ಇಪ್ಪತ್ತು ವರ್ಷದಿಂದ. ಪ್ರತಿ ಸಲವೂ ಅದರೊಳಗೆ ಇನ್ನೊಬ್ಬರ ದವಡೆಯನ್ನು ತುರುಕಿದ್ದಳು. ಇವತ್ತು ತುರುಕಲಿಲ್ಲ. ಕಿಟಕಿಯಿಂದ ಬಿದ್ದ ಬಿಸಿಲಕೋಲಿನಲ್ಲಿ ಬಿಳಿಯ ಪುಡಿ ನಿಧಾನಕ್ಕೆ ತಿರುಗುತ್ತಿತ್ತು.

"ಕೈ ಕೊಡಿ," ಎಂದು ಮಾವನ ಅಂಗೈಯನ್ನು ಅಚ್ಚಿನ ಮೇಲಿಟ್ಟಳು. ಪ್ಲಾಸ್ಟರು ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ಮಾವನ ಹುಬ್ಬು ಮೇಲೇರಿತು.

"ಜ್ವರ ಬಂದಿದೆ."

"ನಿಮ್ಮದೇ ಬಾಯಿ. ಎರಡು ವರ್ಷ ಕಾದಿದ್ದಕ್ಕೆ ಕೋಪ."

ಇಬ್ಬರೂ ನಕ್ಕರು. ಆಮೇಲೆ, ಅರೆ ಮಂಪರಿನಲ್ಲಿ, ಅವಳಿಗೆ ಎಲ್ಲಿಂದಲೋ ಒಂದು ಪ್ಲಾಟ್‌ಫಾರಂ ತೇಲಿಬಂತು. ಕಾಲೇಜಿನ ದಿನಗಳು. ತೊಡೆಯ ಮೇಲೆ ಪುಸ್ತಕ, ಏಳು ಹತ್ತರ ಗಾಡಿ ತಡ, ಮಂಜಿನೊಳಗಿಂದ ಒಂದು ದನಿ: ಅವಸರವಿಲ್ಲದ, ಬೆಚ್ಚನೆಯ ದನಿ. ಗಾಡಿ ನಲವತ್ತು ನಿಮಿಷ ತಡವಾಗಿ ಬರಲಿದೆ ಎಂದು ಅದು ಹೇಳಿದರೆ, ತಡವಾದದ್ದೇ ಒಳ್ಳೆಯದಾಯಿತು ಅನಿಸುತ್ತಿತ್ತು. ಮದುವೆಯಾಗಿ ಈ ಮನೆಗೆ ಬಂದ ಮೊದಲ ಬೆಳಿಗ್ಗೆ ಆ ದನಿ ಪಕ್ಕದ ಕೋಣೆಯಿಂದ "ಕಾಫಿ ಆಯ್ತೇನಮ್ಮ?" ಎಂದಾಗ ಕೈಲಿದ್ದ ಲೋಟ ಜಾರಿತ್ತು. ಇದನ್ನು ಯಾವಾಗ ಮರೆತಳು?

"ಮಾವ, ಏಳು ಹತ್ತರ ಗಾಡಿ ಯಾವಾಗಲೂ ತಡ, ಅಲ್ವಾ?"

ಮಾವ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದರು. "ಒಂದೇ ಒಂದಿನ ಸರಿಯಾದ ಹೊತ್ತಿಗೆ ಬಂತು. ಯಾರೂ ನಂಬಲಿಲ್ಲ. ಖಾಲಿ ಹೋಯ್ತು."

ಐದನೆಯ ವಾರದ ಕೊನೆಗೆ ಗುಲಾಬಿ ಮೇಣದಲ್ಲಿ ಹಲ್ಲು ಜೋಡಿಸಿಯಾಯಿತು. ಡಾಕ್ಟರಮ್ಮ ನೋಡಿ ಸರಿ ಅಂದ ಮೇಲೆ, ಮೇಣದ ಸೆಟ್ಟನ್ನೇ ಬಾಯಲ್ಲಿಟ್ಟು ಏನಾದರೂ ಓದಿಸಿ ಕೇಳಬೇಕಿತ್ತು. ಕೈಗೆ ಸಿಕ್ಕಿದ್ದು ಫ್ರಿಜ್ಜಿನ ಹಾಳೆ. ಮಾವ ಅದರ ಮುಂದೆ ನಿಂತು, ಕನ್ನಡಕ ಏರಿಸಿ, ಒಂದು ಉಸಿರು ತೆಗೆದುಕೊಂಡರು.

"ಪ್ರಯಾಣಿಕರ ಗಮನಕ್ಕೆ. ಬೆಳಿಗ್ಗೆ ಆರು ಗಂಟೆ ಐದು ನಿಮಿಷಕ್ಕೆ ಮಲಗುವ ಕೋಣೆಯಿಂದ ಹೊರಟು ಅಡುಗೆಮನೆಗೆ ತಲುಪಬೇಕಾಗಿದ್ದ ಮನೆಯ ಯಜಮಾನರು, ಇಪ್ಪತ್ತೈದು ನಿಮಿಷ ತಡವಾಗಿ ಚಲಿಸುತ್ತಿದ್ದಾರೆ."

ಒಲೆಯ ಮುಂದಿದ್ದ ಗಂಡನ ಕೈಯಿಂದ ಸೌಟು ಬಿತ್ತು.

"ಸಂಜೆ ಏಳರ ಪಾತ್ರೆ ಗಾಡಿ, ಗುಬ್ಬಿ ಎಕ್ಸ್‌ಪ್ರೆಸ್, ಕಾರಣಾಂತರಗಳಿಂದ ಮೊಬೈಲಿನ ಬಳಿ ನಿಂತಿದೆ. ಆಗಿರುವ ಅನನುಕೂಲಕ್ಕಾಗಿ ವಿಷಾದಿಸುತ್ತೇವೆ."

ಗುಬ್ಬಿ ಹುಟ್ಟುವ ಹೊತ್ತಿಗೆ ತಾತ ಕೆಲಸ ಬಿಟ್ಟಿದ್ದರು. ಮೈಕಿನ ಮುಂದಿನ ಈ ದನಿಯನ್ನು ಅವಳು ಕೇಳಿಯೇ ಇರಲಿಲ್ಲ. "ತಾತಾ, ಇನ್ನೊಂದು ಸಲ," ಅಂದಳು, ಚಿಕ್ಕ ಮಗುವಿನ ಹಾಗೆ.

ಉಳಿದದ್ದು ಗೆರೆ ಎಳೆದಂತೆಯೇ ನಡೆಯಿತು. ಸೋಮವಾರ ಹಗಲೆಲ್ಲ ಬೆಂದು, ರಾತ್ರಿಯೆಲ್ಲ ತನ್ನಷ್ಟಕ್ಕೆ ತಣ್ಣಗಾಗಿ, ಬುಧವಾರ ಸಂಜೆಗೆ ಹೊಳೆಯುವ ಹಲ್ಲು ಮಾವನ ಬಾಯಲ್ಲಿ ಕುಳಿತಿತ್ತು. ಅಲುಗಲಿಲ್ಲ. ಅಂದು ಮಾವ ಹುರಿಗಡಲೆ ತಿಂದರು. ಹನ್ನೊಂದು. ಗುಬ್ಬಿ ಎಣಿಸಿದಳು.

ಗುರುವಾರ ಗ್ರಂಥಾಲಯಕ್ಕೆ ಅವಳೂ ಹೋದಳು. ಎರಡನೆಯ ಮಹಡಿಯಲ್ಲಿ ಗೋಡೆಗೆಲ್ಲ ದಪ್ಪ ಬಟ್ಟೆ ಬಡಿದ ಪುಟ್ಟ ಕೋಣೆ. ಹೊರಗೆ ಬೆಂಚಿನಲ್ಲಿ ಇನ್ನೂ ಏಳು ಜನ. ಒಳಗೆ ಪರೀಕ್ಷೆ ಮಾಡುವಾಕೆಗೆ ಕಣ್ಣು ಕಾಣದು. ಮೇಜಿನ ಮೇಲೆ ಎರಡು ಕೈಗಳನ್ನು ಮಡಿಸಿಟ್ಟು ಕುಳಿತಿದ್ದರು. "ಒಂದು ಪುಟ ಓದಿ. ನಾನು ಮೇಜು ತಟ್ಟಿದ ಕೂಡಲೇ ನಿಲ್ಲಿಸಿಬಿಡಿ," ಎಂದರು.

ಮಾವ ಓದಿದರು. ನಾಲ್ಕು ಸಾಲಾಗುವಷ್ಟರಲ್ಲಿ ಆಕೆ ಮೇಜು ತಟ್ಟಿದರು.

"ದನಿ ತುಂಬ ಚೆನ್ನಾಗಿದೆ. ಆದರೆ ನಿಮ್ಮ 'ಸ' ಒದ್ದೆಯಾಗಿದೆ. ಗಂಟೆಗಟ್ಟಲೆ ಕೇಳೋರಿಗೆ ಕಿವಿ ನೋಯುತ್ತೆ. ಹಲ್ಲು ಹೊಸದಾ?"

ಮಾವ ಹೌದೆಂದರು. ಆಕೆ ಮರುಕದಿಂದ, "ಅಭ್ಯಾಸ ಆದ ಮೇಲೆ ಮುಂದಿನ ವರ್ಷ ಬನ್ನಿ," ಎಂದು ಮುಂದಿನವರನ್ನು ಕರೆಯಲು ಗಂಟೆಯ ಕಡೆಗೆ ಕೈ ಚಾಚಿದರು.

ಬಾಗಿಲಲ್ಲಿದ್ದ ಹಲ್ಲಿನಕ್ಕ ಒಳಗೆ ಬಂದುಬಿಟ್ಟಳು. ಮೇಣದಲ್ಲಿ ಸರಿಯಿದ್ದ ದನಿ ಈಗ ಒದ್ದೆಯೆಂದರೆ ಮುಂದಿನ ಹಲ್ಲಿನ ಹಿಂದೆ, ಅಂಗುಳದ ಜಾಗದಲ್ಲಿ ಕೂದಲೆಳೆಯಷ್ಟು ದಪ್ಪ ಉಳಿದಿದೆ. ಬೇರೇನಲ್ಲ.

"ಮೇಡಂ, ಹಲ್ಲು ಕಟ್ಟಿದವಳು ನಾನೇ. ತಪ್ಪು ಅವರದ್ದಲ್ಲ, ನಂದು. ನನಗೆ ಐದು ನಿಮಿಷ ಕೊಡ್ತೀರಾ?"

ಆ ಮಾತು ಬಾಯಿಂದ ಬಿದ್ದ ಮೇಲೆ ಅದು ಯಾವ ಮಾತೆಂದು ಅವಳಿಗೇ ಕೇಳಿಸಿತು. ಮಾವ ಸೆಟ್ಟು ತೆಗೆದು ಅವಳ ಅಂಗೈಗಿಟ್ಟು, ಬೊಚ್ಚುಬಾಯಿಯಲ್ಲಿ ನಕ್ಕರು.

"ಕೊಡಿ ಮೇಡಂ. ಇವಳ ಐದು ನಿಮಿಷ ನನಗೆ ಗೊತ್ತು."

ಆಕೆಗೆ ಏನು ತಿಳಿಯಿತೋ, ನಕ್ಕು, ಮಣಿಕಟ್ಟಿನ ಗಡಿಯಾರದ ಮುಚ್ಚಳ ತೆಗೆದು ಮುಳ್ಳುಗಳ ಮೇಲೆ ಬೆರಳಿಟ್ಟರು.

ಅವಳು ಕಿಟಕಿಯ ಬಳಿ ನಿಂತು ಚೀಲದಿಂದ ಹೆರೆಯುವ ಚಾಕು ತೆಗೆದಳು. ಒಂದು ಎಳೆ. ಬೆರಳಿನಿಂದ ಸವರಿದಳು. ಇನ್ನೊಂದು ಎಳೆ. ಗುಲಾಬಿ ಹುಡಿ ಬೆಳಕಿನಲ್ಲಿ ಇಳಿಯಿತು. ಹೊರಗೆ ಬೆಂಚು ಕಿರುಗುಟ್ಟಿತು, ಯಾರೋ ಕೆಮ್ಮಿದರು, ಚೀಲದೊಳಗೆ ಫೋನು ಎರಡು ಸಲ ಗುರುಗುಟ್ಟಿ ಸುಮ್ಮನಾಯಿತು. ಅವಳ ಕೈ ಅವಸರ ಮಾಡಲಿಲ್ಲ. ನುಣ್ಣನೆಯ ಮರಳುಕಾಗದದಿಂದ ತಿಕ್ಕಿ, ನೀರಿನಲ್ಲಿ ತೊಳೆದು ಮಾವನಿಗೆ ಕೊಟ್ಟಳು.

"ನಾಲ್ಕೂವರೆ ನಿಮಿಷ," ಎಂದರು ಮೇಡಂ, ಗಡಿಯಾರದ ಮುಚ್ಚಳ ಮುಚ್ಚುತ್ತ. "ಓದಿ."

ಮಾವ ಮೊದಲಿನಿಂದ ಶುರುಮಾಡಿದರು. ಸಮುದ್ರದ ಬಗೆಗಿನ ಪುಟ. ಸಾಲುಸಾಲಿಗೂ ಆ ಅಕ್ಷರ. ಒಂದೊಂದೂ ಒಣಗಿದ ಬಟ್ಟೆ ಮಡಿಸಿದಷ್ಟು ಸ್ವಚ್ಛವಾಗಿ ಬಂತು. ಹಲ್ಲಿನಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಪ್ಲಾಟ್‌ಫಾರಂ, ಮಂಜು, ತೊಡೆಯ ಮೇಲೆ ಪುಸ್ತಕ. ಹಿಡಿಯಬೇಕಾದ ಗಾಡಿ ಮಾತ್ರ ಯಾವುದೂ ಇರಲಿಲ್ಲ.

ಪುಟದ ಕೊನೆಯ ಸಾಲು ಮುಗಿಯಿತು. ಮಾವ ತಲೆ ಎತ್ತಿ ಮೇಜಿನ ಮೇಲಿನ ಕೈಗಳನ್ನು ನೋಡಿದರು. ಕೈಗಳು ಮಡಿಸಿದಲ್ಲೇ ಇದ್ದವು. ಮೇಡಂ ತಲೆ ಒಂದು ಪಕ್ಕಕ್ಕೆ ವಾಲಿಸಿ, ಇನ್ನೂ ಕೇಳುತ್ತಲೇ ಇರುವವರಂತೆ ಕುಳಿತಿದ್ದರು. ತಟ್ಟಲಿಲ್ಲ.

ಮಾವ ಒಂದು ಗಳಿಗೆ ಕಾದು, ಬೆರಳನ್ನು ನಾಲಿಗೆಗೆ ತಾಗಿಸಿ, ಪುಟ ತಿರುವಿದರು.